ಹೆಸರಿನ ಮುಂದಿನ ಊರು

ಹಳೆಯ ಮೈಸೂರು ಸೀಮೆಯಲ್ಲಿ ಮನುಷ್ಯನ ಹೆಸರು ಅವನ ಊರಿನಿಂದ ಆರಂಭವಾಗುತ್ತದೆ. ಮೊದಲು ಊರು, ಆಮೇಲೆ ತಂದೆ, ಕಟ್ಟಕಡೆಗೆ ತಾನು. ಹಾಸನ ಜಿಲ್ಲೆಯನ್ನೇ ನೋಡಬಹುದು. ಅ. ನ. ಕೃಷ್ಣರಾಯರು ಹುಟ್ಟಿದ್ದು ಕೋಲಾರದಲ್ಲಿ. ಬದುಕಿದ್ದು, ಬರೆದದ್ದು ಬೆಂಗಳೂರಿನಲ್ಲಿ. ಆದರೂ ಅವರ ಹೆಸರಿನ ಮುಂದೆ ಕಡೆಯವರೆಗೆ ನಿಂತದ್ದು ಅರಕಲಗೂಡಿನ ‘ಅ’. ಎಸ್. ಎಲ್. ಭೈರಪ್ಪನವರ ‘ಎಸ್’ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಇನ್ನು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಮಾತು ಎಲ್ಲರೂ ಬಲ್ಲದ್ದು. ಅಲ್ಲಿ 1933ರಲ್ಲಿ ದೊಡ್ಡೇಗೌಡರ ಮಗನಾಗಿ ಹುಟ್ಟಿದ ದೇವೇಗೌಡರು 1996ರಲ್ಲಿ ಪ್ರಧಾನಮಂತ್ರಿಯಾದಾಗ, ಅವರ ಹೆಸರಿನ ಮೊದಲಕ್ಷರವಾಗಿ ಆ ಪುಟ್ಟ ಹಳ್ಳಿಯೂ ದೆಹಲಿಗೆ ಹೋಯಿತು. ಅವರ ಮಕ್ಕಳ ಹೆಸರಿನ ಮುಂದೆಯೂ ಅದೇ ‘ಎಚ್. ಡಿ.’ ಇದೆ, ಆದರೆ ತಂದೆಯ ‘ಡಿ’ ದೊಡ್ಡೇಗೌಡರು, ಮಕ್ಕಳ ‘ಡಿ’ ದೇವೇಗೌಡರು. ತಲೆಮಾರು ಬದಲಾಯಿತು, ಊರು ಬದಲಾಗಲಿಲ್ಲ.

ಮನೆಯಲ್ಲಿ, ಶಾಲೆಯಲ್ಲಿ, ತಾಲ್ಲೂಕು ಕಛೇರಿಯಲ್ಲಿ ಈ ಏರ್ಪಾಡಿಗೆ ಯಾವ ತೊಡಕೂ ಇಲ್ಲ. ತೊಡಕು ಹುಟ್ಟುವುದು ಮಗ ಅಥವಾ ಮಗಳು ಕಡಲಾಚೆಗೆ ಓದಲು ಹೊರಟಾಗ. ಇಂದು ಹಾಸನದ, ಹೊಳೆನರಸೀಪುರದ ಎಷ್ಟೋ ಮನೆಗಳಲ್ಲಿ ಅಂಥ ಪ್ರಯಾಣ ಅಪೂರ್ವ ಸಂಗತಿಯಲ್ಲ. ವರ್ಷಗಟ್ಟಲೆ ಓದಿಗೆ ಹೋಗುವವರು ಒಂದು ಕಡೆ. ಒಂದೇ ಬೇಸಗೆಯ ಮಟ್ಟಿಗೆ, ಆರರಿಂದ ಹತ್ತು ವಾರಗಳ ಪಾಠಕ್ಕೆ ಹೋಗಿ, ಅಲ್ಲಿರುವ ಸೋದರಮಾವನ ಮನೆಯಲ್ಲೋ ದೊಡ್ಡಪ್ಪನ ಮನೆಯಲ್ಲೋ ಕೆಲವು ದಿನ ಇದ್ದು ಬರುವವರು ಇನ್ನೊಂದು ಕಡೆ. ಎರಡು ಪಂಗಡದವರಿಗೂ ಮೊದಲು ಎದುರಾಗುವುದು ಪಾಸ್‌ಪೋರ್ಟಿನ ಅರ್ಜಿ. ಅದರಲ್ಲಿ ಹೆಸರಿಗೆ ಎರಡು ಮನೆಗಳಿವೆ: ಒಂದು ಕೊಟ್ಟ ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಊರಿಗೆ ಪ್ರತ್ಯೇಕವಾದ ಮನೆ ಇಲ್ಲ. ಮೊದಲಕ್ಷರಗಳನ್ನು ಹಾಗೆಯೇ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಹದಿನೆಂಟು ವರ್ಷ ಒಂದೇ ಅಕ್ಷರವಾಗಿ ಅಡಗಿ ಕುಳಿತಿದ್ದ ಊರು ಆ ಹೊತ್ತಿಗೆ ಎದ್ದು ನಿಂತು ಮೈಮುರಿಯುತ್ತದೆ.

ಈಗ ಏನು ಮಾಡುವುದು? ಕೆಲವರು ತಂದೆಯ ಹೆಸರನ್ನು ಮನೆತನದ ಹೆಸರಿನ ಜಾಗಕ್ಕೆ ಏರಿಸುತ್ತಾರೆ. ಕೆಲವರು ಊರನ್ನೇ ಅಲ್ಲಿ ಕೂರಿಸುತ್ತಾರೆ. ಕೆಲವರು ಆ ಮನೆಯನ್ನು ಖಾಲಿ ಬಿಟ್ಟು ಬರುತ್ತಾರೆ. ಖಾಲಿ ಬಿಟ್ಟವರ ಪಾಡು ಸ್ವಲ್ಪ ವಿಚಿತ್ರ. ಒಂದೇ ಹೆಸರಿನ ಪಾಸ್‌ಪೋರ್ಟು ಹಿಡಿದು ಹೋದವರಿಗೆ ಅಮೆರಿಕದ ವೀಸಾದಲ್ಲಿ, ಆ ಒಂದು ಹೆಸರನ್ನು ಮನೆತನದ ಹೆಸರಾಗಿ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚು ಹಾಕುತ್ತಾರೆ. ‘ಮೊದಲ ಹೆಸರು ತಿಳಿಯದು’ ಎಂಬುದರ ಸಂಕ್ಷೇಪ ಅದು. ತೊಟ್ಟಿಲಿನಲ್ಲಿ ಹಾಕಿ, ಕಿವಿಯಲ್ಲಿ ಮೂರು ಸಲ ಉಸುರಿ ಇಟ್ಟ ಹೆಸರು ಇರುವವನು ಅಲ್ಲಿ ಹೆಸರು ತಿಳಿಯದವನಾಗುತ್ತಾನೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂದೇ ಹೆಸರಿನ ಪಾಸ್‌ಪೋರ್ಟುಳ್ಳ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲವೆಂದು ಸಾರಿದಾಗ ದಕ್ಷಿಣ ಭಾರತದ ಎಷ್ಟೋ ಮನೆಗಳಲ್ಲಿ ಗಾಬರಿಯಾದದ್ದು ಸಹಜವೇ.

ಊರನ್ನೇ ಮನೆತನದ ಹೆಸರಾಗಿ ಬರೆಸಿದವನ ಅನುಭವ ಬೇರೆ ಬಗೆಯದು. ಪರದೇಶದ ತರಗತಿಯಲ್ಲಿ ಅಧ್ಯಾಪಕರು ಹಾಜರಿ ಕರೆಯುವಾಗ, ಪರಿಚಯವಿಲ್ಲದವರನ್ನು ಮರ್ಯಾದೆಯಿಂದ ಕರೆಯುವುದು ಮನೆತನದ ಹೆಸರಿನಿಂದ. ‘ಮಿಸ್ಟರ್ ಹರದನಹಳ್ಳಿ’ ಎಂಬ ಕೂಗಿಗೆ ಮೊದಲ ದಿನ ಹುಡುಗ ಏಳುವುದೇ ಇಲ್ಲ. ತನ್ನನ್ನು ಯಾರೋ ಕರೆದರೆಂದು ಅವನಿಗೆ ಹೊಳೆಯುವುದಾದರೂ ಹೇಗೆ? ಅದು ತನ್ನ ಹೆಸರಲ್ಲ. ಬಸ್ಸಿನ ಹಣೆಯ ಮೇಲಿನ ಹಲಗೆಯ ಹೆಸರು. ಎರಡನೆಯ ವಾರದ ಹೊತ್ತಿಗೆ ಕಿವಿ ಒಗ್ಗುತ್ತದೆ. ನಡುವಿನ ‘ಹ’ಕಾರ ನುಂಗಿಹೋಗಿ, ‘ಳ್ಳಿ’ ‘ಲಿ’ಯಾಗಿ, ಒತ್ತು ಎಲ್ಲೆಲ್ಲೋ ಬಿದ್ದು ಹೊರಬರುವ ಆ ಶಬ್ದದಲ್ಲಿ ತನ್ನ ಊರು ಇದೆಯೆಂದು ಗುರುತು ಹತ್ತುತ್ತದೆ. ಊರಿನಲ್ಲಿದ್ದಷ್ಟು ದಿನವೂ ಇಷ್ಟು ಸಲ ಆ ಹೆಸರು ಅವನ ಕಿವಿಗೆ ಬಿದ್ದಿರಲಾರದು.

ಪಾಠ ಮುಗಿದ ಮೇಲೆ ನೆಂಟರ ಮನೆ. ಅಲ್ಲಿ ಹೆಸರಿನ ಸಂಸಾರ ಇನ್ನಷ್ಟು ಸಂಕೀರ್ಣ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮೂವರು ಅಣ್ಣತಮ್ಮಂದಿರು ಬೇರೆ ಬೇರೆ ವರ್ಷಗಳಲ್ಲಿ ಕಡಲು ದಾಟಿ ಹೋದ ಮನೆಗಳು ಕರ್ನಾಟಕದಲ್ಲಿ ಕಡಿಮೆಯಲ್ಲ. ಹಿರಿಯನು ತಂದೆಯ ಹೆಸರನ್ನು ಮನೆತನದ ಹೆಸರು ಮಾಡಿಕೊಂಡ, ನಡುವಿನವನು ಊರನ್ನು, ಕಿರಿಯನು ತನ್ನ ಹೆಸರಿನ ಕೊನೆಯ ಭಾಗವಾದ ಗೌಡನನ್ನೋ ರಾಯನನ್ನೋ ಕುಮಾರನನ್ನೋ ಕತ್ತರಿಸಿ ಅದನ್ನೇ ಇಟ್ಟುಕೊಂಡ. ಮೂವರೂ ಒಟ್ಟಿಗೆ ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ನಿಂತು ತಾವು ಅಣ್ಣತಮ್ಮಂದಿರೆಂದು ಹೇಳಿದರೆ ಆತನ ಹುಬ್ಬು ಮೇಲೇರದೆ ಇದ್ದೀತೇ? ಅವರ ಮಕ್ಕಳ ಕಾಲಕ್ಕೆ ಮಾತು ಮುಗಿದೇ ಹೋಗುತ್ತದೆ. ತಾತನ ಹೆಸರು ಮೊಮ್ಮಗನಿಗೂ ಅವನ ಮಗನಿಗೂ ಶಾಶ್ವತವಾದ ಮನೆತನದ ಹೆಸರಾಗುತ್ತದೆ. ತಾತ ಬದುಕಿದ್ದಾಗ ಕನಸಿನಲ್ಲೂ ಎಣಿಸದ ವಂಶೋದ್ಧಾರ ಇದು. ಊರು ಮಾತ್ರ ದಾರಿಯಲ್ಲಿ ಇಳಿದುಹೋಯಿತು.

ಹಾಗೆಂದು ಆ ಮಕ್ಕಳಿಗೆ ಊರಿನ ಮೇಲೆ ಅಕ್ಕರೆಯಿಲ್ಲವೆಂದು ತಿಳಿಯಬಾರದು. ಹಿಂದಿನ ಬೇಸಗೆಯಲ್ಲಿ ಬಂದು ಹೋದಾಗ ಕಂಡ ಹಸು, ತೆಂಗಿನ ತೋಟ, ಅಜ್ಜಿ ತಟ್ಟಿದ ರೊಟ್ಟಿ ಎಲ್ಲವೂ ಅವರಿಗೆ ನೆನಪಿದೆ. ಆದರೆ ಅವರ ಮಾತಿನಲ್ಲಿ ಅದು ‘ಇಂಡಿಯಾ’. ಹೊಳೆನರಸೀಪುರವೂ ಅಲ್ಲ, ಹಾಸನವೂ ಅಲ್ಲ, ಕರ್ನಾಟಕವೂ ಅಲ್ಲ. ಊರಿನಿಂದ ಹೊಸದಾಗಿ ಬಂದ ಅತ್ತೆಯ ಮಗನ ಪಾಸ್‌ಪೋರ್ಟಿನಲ್ಲಿ ‘ಹರದನಹಳ್ಳಿ’ ಎಂದು ಬರೆದಿರುವುದನ್ನು ಓದಿ, ಇದು ಯಾರ ಹೆಸರೆಂದು ಅವರು ಕೇಳುತ್ತಾರೆ. ನಿಮ್ಮ ತಂದೆ ಹುಟ್ಟಿದ ಊರು ಎಂದು ಹೇಳುವ ಕೆಲಸ ಆ ಬೇಸಗೆಯಲ್ಲಿ ಆ ಹುಡುಗನ ಪಾಲಿಗೆ ಬರುತ್ತದೆ. ಅವನು ಹೋದದ್ದು ಅರ್ಥಶಾಸ್ತ್ರವನ್ನೋ ಗಣಿತವನ್ನೋ ಓದಲು!

ಹೆಣ್ಣುಮಕ್ಕಳ ವಿಚಾರದಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಹರದನಹಳ್ಳಿಯ ಮಗಳು ಮದುವೆಯಾಗಿ ಅರಕಲಗೂಡಿಗೆ ಹೋದರೆ, ಹುಟ್ಟೂರಿನ ಅಕ್ಷರ ಅಳಿಸಿ ಗಂಡನ ಹೆಸರಿನ ಅಕ್ಷರ ಬರುವುದು ಬಹುಕಾಲದಿಂದ ನಡೆದುಬಂದ ಬಳಕೆ. ಯಾರೂ ಅದನ್ನು ಕಳವೆಂದು ಕರೆದವರಿಲ್ಲ. ಆದರೆ ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇಬೇಕೆಂಬ ಕಟ್ಟಳೆ ನಮ್ಮ ದೇಶದಲ್ಲಿ ಇಲ್ಲ. ಓದಿನ ದಿನಗಳಲ್ಲಿ ಊರಿನ ಹೆಸರು ಬಿಡಿಸಿ ಬರೆಸಿಕೊಂಡ ಹುಡುಗಿಗೆ, ಪದವಿಯ ಪತ್ರಗಳೂ ವೀಸಾಗಳೂ ಆ ಹೆಸರಿನಲ್ಲೇ ಇರುವುದರಿಂದ, ಮುಂದೆ ಅದನ್ನು ಬದಲಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಸುಲಭ. ತವರೂರನ್ನು ಉಳಿಸಿಕೊಡುವ ಕೆಲಸವನ್ನು ಮನೆಯ ಹಿರಿಯರು ಮಾಡದೆ ಸರ್ಕಾರದ ಕಾಗದ ಮಾಡಿತು.

ಹೇಮಾವತಿಯ ದಂಡೆಯಿಂದ ಕಡಲಾಚೆಗೆ ಹೋಗುವುದು ನಿನ್ನೆ ಮೊನ್ನೆಯ ಮಾತಲ್ಲ. ರಾಜಾ ರಾವ್ ಹುಟ್ಟಿದ್ದು 1908ರಲ್ಲಿ, ಹಾಸನದಲ್ಲಿ. ನಾಲ್ಕು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದರು. ತಾತನ ಆಶ್ರಯದಲ್ಲಿ ಹಾಸನ ಸೀಮೆಯಲ್ಲಿ ಕಳೆದ ಬಾಲ್ಯ ಅವರ ಮನಸ್ಸಿನಲ್ಲಿ ಬೇರುಬಿಟ್ಟಿತು. 1929ರಲ್ಲಿ, ಇಪ್ಪತ್ತೊಂದು ತುಂಬುವ ವಯಸ್ಸಿನಲ್ಲಿ, ವಿದ್ಯಾರ್ಥಿವೇತನ ಪಡೆದು ಅವರು ಫ್ರಾನ್ಸಿನ ಮಾಂಪೆಲಿಯೇ ವಿಶ್ವವಿದ್ಯಾನಿಲಯಕ್ಕೆ ಓದಲು ಹೋದರು. ಅಲ್ಲಿಂದಲೇ ಧಾರವಾಡದ ‘ಜಯಕರ್ನಾಟಕ’ ಪತ್ರಿಕೆಗೆ ಕನ್ನಡದಲ್ಲಿ ಬರೆದು ಕಳಿಸಿದ್ದರೆಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಆಮೇಲೆ ಇಂಗ್ಲಿಷಿನಲ್ಲಿ ಬರೆದ ‘ಕಾಂತಾಪುರ’ 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕಾಂತಾಪುರವೆಂಬ ಹಳ್ಳಿ ನಕ್ಷೆಯಲ್ಲಿ ಇಲ್ಲ. ಆದರೆ ಆ ಕಾದಂಬರಿಯ ಹೊಳೆ ಹೇಮಾವತಿಯನ್ನೇ ನೆನಪಿಸುತ್ತದೆ; ಅದರ ಗ್ರಾಮದೇವತೆ ಕೆಂಚಮ್ಮ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಕೆಂಚಮ್ಮನ ಹೊಸಕೋಟೆಯೆಂಬ ಊರಿದೆ, ಕೆಂಚಾಂಬೆ ಅಲ್ಲಿ ನೆಲೆಸಿದ್ದಾಳೆ. ಕಥೆ ಹೇಳುವವಳು ಹಳ್ಳಿಯ ಒಬ್ಬ ಮುದುಕಿ. ಫ್ರಾನ್ಸಿಗೆ ಹೋದ ವಿದ್ಯಾರ್ಥಿ ಮರಳಿ ಬಂದದ್ದು ಅಜ್ಜಿಯ ಮಾತಿಗೆ! ಮುಂದೆ ಅವರು ಭಾರತಕ್ಕೆ ಬಂದರು, ಆಶ್ರಮಗಳನ್ನು ಸುತ್ತಿದರು, ಮತ್ತೆ ಹೋದರು, ಮತ್ತೆ ಬಂದರು. 1966ರಿಂದ ಅಮೆರಿಕದ ಆಸ್ಟಿನ್ ನಗರದಲ್ಲಿ ತತ್ತ್ವಶಾಸ್ತ್ರ ಕಲಿಸಿದರು. 2006ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹೆಸರಿನ ಮುಂದೆ ಊರಿನ ಅಕ್ಷರ ಇರಲಿಲ್ಲವೆಂಬುದನ್ನು ಗಮನಿಸಬೇಕು. ಊರನ್ನು ಅವರು ಪುಸ್ತಕದೊಳಗೆ ಇಟ್ಟರು, ಅದೂ ಬೇರೆ ಹೆಸರಿನಿಂದ.

ಇದೇ ಬಗೆಯ ಇನ್ನೊಂದು ಕಥೆ ಮೈಸೂರಿನ ಎಂ. ಎನ್. ಶ್ರೀನಿವಾಸರದು. ಸಾಮಾಜಿಕ ಮಾನವಶಾಸ್ತ್ರ ಕಲಿಯಲು 1945ರಲ್ಲಿ ಆಕ್ಸ್‌ಫರ್ಡಿಗೆ ಹೋದ ಅವರು 1948ರಲ್ಲಿ ಮರಳಿ ಬಂದು, ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸವಾಗಿದ್ದು, ಅಲ್ಲಿಯ ಬದುಕನ್ನು ಬರೆದಿಟ್ಟುಕೊಂಡರು. ಪರದೇಶದಲ್ಲಿ ಕಲಿತ ವಿದ್ಯೆಯನ್ನು ಅವರು ಪ್ರಯೋಗಿಸಿದ್ದು ತಮ್ಮದೇ ನಾಡಿನ ಜಗಲಿಯ ಮೇಲೆ. 1970ರ ಏಪ್ರಿಲ್ 24ರಂದು ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ವರ್ಷಗಳ ಕಾಲ ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಆಗ ನೆನಪನ್ನೇ ಆಧಾರವಾಗಿಟ್ಟುಕೊಂಡು ಬರೆದ ಪುಸ್ತಕವೇ 1976ರಲ್ಲಿ ಪ್ರಕಟವಾದ ‘ನೆನಪಿನ ಹಳ್ಳಿ’ ಎಂಬರ್ಥದ ಇಂಗ್ಲಿಷ್ ಗ್ರಂಥ. ಅದರಲ್ಲಿಯೂ ಹಳ್ಳಿಗೆ ನಿಜವಾದ ಹೆಸರಿಲ್ಲ, ಅದು ‘ರಾಮಪುರ’. ಶಾಸ್ತ್ರದ ಮರ್ಯಾದೆಗೆ ಹಾಗೆ ಮರೆಸುವುದು ಅಗತ್ಯವಿದ್ದೀತು. ಆದರೂ ಹೊರಗೆ ಓದಿ ಬಂದ ಇಬ್ಬರೂ ತಾವು ಬಲ್ಲ ಹಳ್ಳಿಗೆ ಒಂದೊಂದು ‘ಪುರ’ವನ್ನು ಹೊದಿಸಿಯೇ ಜಗತ್ತಿಗೆ ತೋರಿಸಿದರೆಂಬುದು ಯೋಚಿಸತಕ್ಕ ಮಾತು.

ಮುಸುಕಿಲ್ಲದೆ ಹೋಗಿ ಬಂದವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. ಅವರಿಗೆ ಊರು ಮೊದಲಕ್ಷರವೂ ಅಲ್ಲ, ಇಡೀ ಹೆಸರು. ಕನ್ನಡಿಗರು ಅವರನ್ನು ಕರೆದದ್ದೇ ‘ಗೊರೂರು’ ಎಂದು. 1904ರಲ್ಲಿ ಹೇಮಾವತಿಯ ದಂಡೆಯ ಆ ಊರಿನಲ್ಲಿ ಹುಟ್ಟಿ, ಹಳ್ಳಿಯ ಚಿತ್ರಗಳನ್ನು ಬರೆದು ಮನೆಮಾತಾಗಿದ್ದ ಅವರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕಾದಲ್ಲಿ ಗೊರೂರು’ ಎಂಬ ಪ್ರವಾಸಕಥನ ಬರೆದರು. 1980ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪುಸ್ತಕದ ಹೆಸರನ್ನು ಎರಡು ರೀತಿಯಲ್ಲಿ ಓದಬಹುದು. ಅಮೆರಿಕದಲ್ಲಿ ಸುತ್ತಾಡಿದ್ದು ಒಬ್ಬ ಲೇಖಕನೋ, ಒಂದು ಇಡೀ ಊರೋ? ಅದೇ ಹೊಳೆಯ ಕೆಳಭಾಗದ ಅಕ್ಕಿಹೆಬ್ಬಾಳಿನವರು ಎ. ಎನ್. ಮೂರ್ತಿರಾಯರು, ಅವರ ‘ಎ’ ಆ ಊರೇ. ಅವರೂ ಅಮೆರಿಕಕ್ಕೆ ಹೋಗಿ ಬಂದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದರು. ಒಂದೇ ಹೊಳೆಯ ನೀರು ಕುಡಿದ ಇಬ್ಬರು ಹಿರಿಯರು ಆ ದೂರದೇಶವನ್ನು ಕಂಡು, ಮನೆಗೆ ಮರಳಿ, ಕಂಡದ್ದನ್ನು ಕನ್ನಡದಲ್ಲಿ ಹೇಳಿದರು. ವಯಸ್ಸಾದ ಮೇಲೆ ಹೋದವರಿಗೆ ಇದ್ದ ಒಂದು ಅನುಕೂಲವೆಂದರೆ, ಅಲ್ಲಿಯೇ ಉಳಿಯಬಹುದೆಂಬ ಆಸೆಯಾಗಲಿ ಭಯವಾಗಲಿ ಅವರನ್ನು ಕಾಡುವಂತಿರಲಿಲ್ಲ. ಇಪ್ಪತ್ತರ ಹುಡುಗನಿಗೆ ಆ ನೆಮ್ಮದಿ ಇಲ್ಲ. ಅವನು ಒಂದು ಬೇಸಗೆಗೆಂದು ಹೋದರೂ ಅವನ ತಾಯಿ ಮನಸ್ಸಿನಲ್ಲಿ ಲೆಕ್ಕ ಹಾಕುವುದು ವರ್ಷಗಳನ್ನೇ.

ಗೊರೂರಿನ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ಸಂಗತಿ. ಅಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವುದನ್ನು ನೋಡಲು ಈಗಲೂ ಜನ ಹೋಗುತ್ತಾರೆ. ಮುಳುಗಿದ ಹಳ್ಳಿಯವರ ಮೊಮ್ಮಕ್ಕಳಲ್ಲಿ ಯಾರಾದರೂ ಇಂದು ಪಾಸ್‌ಪೋರ್ಟಿನ ಅರ್ಜಿಯಲ್ಲಿ ಮೊದಲಕ್ಷರ ಬಿಡಿಸಿ ಬರೆದರೆ, ಆ ಊರು ನೆಲದ ಮೇಲೆ ಇಲ್ಲ, ಆ ಕಾಗದದ ಮೇಲೆ ಮಾತ್ರ ಇದೆ. ಇಂಥವರು ಊರನ್ನು ಖಾಲಿ ಬಿಡಬಾರದೆಂದು ಯಾರಿಗಾದರೂ ಅನಿಸಿದರೆ ಅದು ಬರಿಯ ಭಾವುಕತೆಯಲ್ಲ.

ಬೇಸಗೆಯ ಪಾಠಕ್ಕೆ ಹೋದ ಹುಡುಗ ಮರಳುವ ಹೊತ್ತಿಗೆ ಊರಿನಲ್ಲಿ ಬೇಸಗೆ ಮುಗಿದು ಬಹಳ ದಿನವಾಗಿರುತ್ತದೆ. ಅಲ್ಲಿಯವರ ಬೇಸಗೆ ಜೂನಿನಿಂದ ಆಗಸ್ಟಿನವರೆಗೆ. ನಮ್ಮಲ್ಲಿ ಅದು ಮುಂಗಾರು. ಮೃಗಶಿರಾ ಮಳೆಯಲ್ಲಿ ಹೊರಟವನು ಮಘೆಯ ಮಳೆಯಲ್ಲಿ ಬರುತ್ತಾನೆ. ನಡುವೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಲ್ಲವೂ ಅವನಿಲ್ಲದೆ ಸುರಿದುಹೋಗಿವೆ. ಹಾಸನ ಸೀಮೆಯ ಆಲೂಗಡ್ಡೆ ನೆಲಕ್ಕೆ ಬೀಳುವುದು ಮೇ ಕೊನೆ, ಜೂನಿನ ಮೊದಲಲ್ಲಿ. ಮೂರು ತಿಂಗಳಿಗೆ ಕಿತ್ತು ಮುಗಿಯುತ್ತದೆ. ಅಂದರೆ ಬಿತ್ತನೆಯ ಗಡ್ಡೆಗಳನ್ನು ಹೋಳು ಮಾಡುವುದನ್ನು ನೋಡಿ ಹೋದವನು ಮೂಟೆ ಹೊಲಿಯುವ ಹೊತ್ತಿಗೆ ಬಂದ. ಅಂಗಮಾರಿ ತಗುಲಿತೋ ಇಲ್ಲವೋ, ಮಳೆ ಹೆಚ್ಚಾಯಿತೋ ಕಡಿಮೆಯಾಯಿತೋ, ತಂದೆ ಎಷ್ಟು ರಾತ್ರಿ ನಿದ್ದೆಗೆಟ್ಟರೋ, ಇದೆಲ್ಲ ದೂರವಾಣಿಯಲ್ಲಿ ಯಾರೂ ಹೇಳಿರುವುದಿಲ್ಲ. ‘ಎಲ್ಲಾ ಚೆನ್ನಾಗೈತೆ, ನೀನು ಓದ್ಕೋ’ ಎಂಬುದೊಂದೇ ವರ್ತಮಾನ. ರಜೆಯೆಂದು ಅವನು ತಿಳಿದ ಆ ಹತ್ತು ವಾರಗಳೇ ಮನೆಗೆ ವರ್ಷದ ದುಡಿಮೆ. ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಹುಟ್ಟಿದ ಆ ಗಡ್ಡೆ ಮಾತ್ರ ಯಾವ ಪಾಸ್‌ಪೋರ್ಟೂ ಇಲ್ಲದೆ ಬಂದು, ಹಾಸನದ ಹೆಸರನ್ನೇ ತನ್ನ ಮುಂದೆ ಹಚ್ಚಿಕೊಂಡು ‘ಹಾಸನದ ಆಲೂಗಡ್ಡೆ’ಯಾಗಿ ಕುಳಿತಿದೆ!

ಹಡಗಿನ ಕಾಲದಲ್ಲಿ ಮುಂಬಯಿಗೂ ಫ್ರಾನ್ಸಿನ ಮಾರ್ಸೇಲ್ಸಿಗೂ ನಡುವೆ ಸುಮಾರು ಎರಡು ವಾರ ಹಿಡಿಯುತ್ತಿತ್ತು. ಮರಳುವವನಿಗೆ ಆ ದಿನಗಳಲ್ಲಿ ಮನಸ್ಸನ್ನು ಸಜ್ಜು ಮಾಡಿಕೊಳ್ಳಲು ಬಿಡುವಿತ್ತು. ಈಗ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಂದು ದಿನದೊಳಗೆ ಬಂದಿಳಿಯಬಹುದು. 2017ರಿಂದ ಬೆಂಗಳೂರು–ಹಾಸನ ನೇರ ರೈಲುದಾರಿಯೂ ಇದೆ; ಚನ್ನರಾಯಪಟ್ಟಣವನ್ನು ಹಾದು ಬರುತ್ತದೆ. ದೇಹ ಬಂದಿರುತ್ತದೆ, ನಿದ್ದೆ ಬಂದಿರುವುದಿಲ್ಲ. ಹಗಲು ರಾತ್ರಿ ತಲೆಕೆಳಗಾದ ಅವನು ಮೂರು ಗಂಟೆಯ ನಸುಕಿನಲ್ಲಿ ಎದ್ದು ಕುಳಿತರೆ, ಹಾಲು ಕರೆಯಲು ಆಗತಾನೇ ಎದ್ದ ಅಜ್ಜಿ ಮೊಮ್ಮಗ ಪರದೇಶದಲ್ಲಿ ಒಳ್ಳೆಯ ಅಭ್ಯಾಸ ಕಲಿತು ಬಂದನೆಂದು ಹಿಗ್ಗುತ್ತಾಳೆ.

ಊರಿಗೆ ಕಾಲಿಟ್ಟ ದಿನ ಬಾಗಿಲಿನಲ್ಲಿ ಕೆಂಪು ನೀರಿನ ಆರತಿ, ಉಪ್ಪು ಮೆಣಸಿನಕಾಯಿ ಇಳಿದೆಗೆದು ದೃಷ್ಟಿ ತೆಗೆಯುವುದು, ‘ಅಯ್ಯೋ, ಸೊರಗೋಗಿದ್ದೀಯಲ್ಲ ಮಗ’ ಎಂಬ ಮಾತು. ಅದು ದಪ್ಪಗಾಗಿ ಬಂದವರಿಗೂ ತಪ್ಪುವುದಿಲ್ಲ. ಮರುದಿನದಿಂದ ನೆಂಟರ ಮನೆಗಳು. ಹಿರಿಯರ ಮನೆಗೆ ಮೊದಲು, ಕಿರಿಯರ ಮನೆಗೆ ಆಮೇಲೆ. ಈ ಸರದಿ ತಪ್ಪಿದರೆ ತಂದ ಚಾಕೊಲೇಟು ಎಷ್ಟೇ ಸಿಹಿಯಾಗಿದ್ದರೂ ಕಹಿಯೇ. ಬೀದಿಯ ಕಟ್ಟೆಯ ಮೇಲೆ ಕುಳಿತ ಮುದುಕರೊಬ್ಬರು ಕಣ್ಣಿಗೆ ಕೈಯಡ್ಡ ಹಿಡಿದು ಕೇಳುತ್ತಾರೆ:

‘ಯಾರ ಮಗನಪ್ಪ ನೀನು?’

ಹತ್ತು ವಾರ ‘ಹರದನಹಳ್ಳಿ’ ಎಂಬ ಕೂಗಿಗೆ ಓಗೊಟ್ಟವನಿಗೆ ಇಲ್ಲಿ ಆ ಹೆಸರು ಯಾವ ಉಪಯೋಗಕ್ಕೂ ಇಲ್ಲ. ಊರಿನಲ್ಲಿ ಎಲ್ಲರೂ ಹರದನಹಳ್ಳಿಯವರೇ. ಇಲ್ಲಿ ಬೇಕಾದದ್ದು ತಂದೆಯ ಹೆಸರು, ಅದಕ್ಕೂ ಮುಂದೆ ಹೋದರೆ ತಾತನ ಹೆಸರು, ಮೇಗಲ ಬೀದಿಯೋ ಕೆಳಗಲ ಬೀದಿಯೋ ಎಂಬ ವಿವರ. ‘ಓಹೋ, ಅವರ ಮಗನಾ! ಫಾರಿನ್ನಿಗೆ ಹೋಗಿತ್ತಂತಲ್ಲ ಮಗ? ಮತ್ತೆ ಹೋಯ್ತದಾ?’ ಈ ಕೊನೆಯ ಪ್ರಶ್ನೆಗೆ ಸುತ್ತಲಿದ್ದವರೆಲ್ಲ ಕಿವಿಗೊಡುತ್ತಾರೆ. ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿರುವ ತಾಯಿಯೂ. ಹುಡುಗ ‘ನೋಡ್ಬೇಕು ತಾತ’ ಎಂದು ಹೇಳುತ್ತಾನೆ. ಆ ಉತ್ತರಕ್ಕೆ ಎರಡು ಅರ್ಥಗಳಿವೆಯೆಂದು ಮುದುಕರಿಗೂ ಗೊತ್ತು.

ಮುಂದಿನ ಅರ್ಜಿಯ ಕೆಲಸ ಇನ್ನೂ ಬಾಕಿ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯಲ್ಲಿ ಹೆಸರು ಮೊದಲಕ್ಷರಗಳೊಡನೆ ಇದೆ. ಪಾಸ್‌ಪೋರ್ಟಿನಲ್ಲಿಯೂ ಪರದೇಶದ ವಿದ್ಯಾಲಯ ಕೊಟ್ಟ ಪತ್ರದಲ್ಲಿಯೂ ಊರು ಬಿಡಿಸಿ ಬರೆದು ಕೊನೆಗೆ ಬಂದಿದೆ. ಕಛೇರಿಯವರ ಕಣ್ಣಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಹುಡುಗ ತಂದೆಯ ಜೊತೆ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಛಾಪಾ ಕಾಗದ ಕೊಂಡು, ಟೈಪು ಮಾಡುವವನ ಮುಂದೆ ಎರಡು ಹೆಸರುಗಳನ್ನೂ ಅಕ್ಷರ ತಪ್ಪದಂತೆ ಬರೆಸುತ್ತಾನೆ. ಊರಿನ ಅಕ್ಷರ ಮುಂದಿರುವ ಆ ವ್ಯಕ್ತಿಯೂ ಊರಿನ ಹೆಸರು ಹಿಂದಿರುವ ಈ ವ್ಯಕ್ತಿಯೂ ಒಬ್ಬನೇ ಎಂದು ಪ್ರಮಾಣ ಮಾಡಿ ಸಹಿ ಹಾಕುತ್ತಾನೆ. ನೋಟರಿ ಮುಖವನ್ನೂ ಭಾವಚಿತ್ರವನ್ನೂ ಒಮ್ಮೆ ಹೋಲಿಸಿ ನೋಡಿ, ಮುದ್ರೆ ಒತ್ತಿ, ಮೂರು ನಕಲು ತೆಗೆಸಿಟ್ಟುಕೊಳ್ಳಲು ಹೇಳುತ್ತಾರೆ.